ನಾಡಿ ಎಣಿಸುವ ಕೆಲಸ

ಸೊನ್ನ
ಭಾನುವಾರ, ೧೯ ಜನವರಿ ೨೦೨೫

ಸೌ. ಅನುರಾಧಾಳಿಗೆ,

ಇಷ್ಟು ಬರೆದು ಅರ್ಧ ತಾಸು ಪೆನ್ನು ಹಿಡಿದು ಕೂತಿದ್ದೆ. ಹೆಸರಿನ ಹಿಂದೆ ಏನು ಹಚ್ಚಬೇಕೆಂದು ತಿಳಿಯಲಿಲ್ಲ. ‘ಪ್ರೀತಿಯ’ ಎಂದರೆ ನೀನು ಹಾಳೆಯನ್ನು ಅಲ್ಲಿಗೇ ಮಡಚಿಡುತ್ತೀ. ‘ಮಾನ್ಯ ಸ್ಟಾಫ್ ನರ್ಸ್ ಅವರಿಗೆ’ ಎಂದರೆ ಯಾರದೋ ರಜೆ ಅರ್ಜಿ ಎಂದು ಡ್ಯೂಟಿ ಟೇಬಲ್ಲಿನ ಮೇಲೆ ಬಿಟ್ಟು ಹೋಗುತ್ತೀ. ಕೊನೆಗೆ ಅವ್ವನನ್ನೇ ಕೇಳಿದೆ. ನಿನ್ನ ಅತ್ತೆ ನಿಂಬೆವ್ವನಿಗೆ ಅಕ್ಷರ ಬಾರದಿದ್ದರೂ ಪತ್ರ ಹೇಗೆ ಬರೆಯಬೇಕೆಂಬುದು ಬರುತ್ತದೆ. “ಮೊದಲ ತಪ್ಪಾಗ್ಯದ ಅಂತ ಬರಿ. ಯಾರಿಗೆ ಅನ್ನೂದು ಆಮ್ಯಾಲ ನೋಡಿದ್ರಾತು” ಎಂದಳು.

ತಪ್ಪಾಗಿದೆ. ಇನ್ನು ವಿವರ.

ಈ ಪತ್ರದ ಜೊತೆ ಒಂದು ಫಾರಂ ಇದೆ. ಕಂಡಕ್ಟರ್ ಭೀಮಶಾ ಎರಡನ್ನೂ ಒಂದೇ ಲಕೋಟೆಯಲ್ಲಿ ತಂದು ಜೇವರ್ಗಿ ಬಸ್‌ಸ್ಟ್ಯಾಂಡಿನಲ್ಲಿ ನಿನ್ನ ಕೈಗೇ ಕೊಡಬೇಕೆಂದು ತಾಕೀತು ಮಾಡಿದ್ದೇನೆ. ಫಾರಂ ನಮ್ಮ ಶೈಲಶ್ರೀಯದು. ಮುಂದಿನ ವರ್ಷ ಒಂಬತ್ತನೇ ಇಯತ್ತೆಗೆ ಕ್ರೀಡಾ ಹಾಸ್ಟೆಲ್ ಸೇರುವ ಅರ್ಜಿ. ತಂದೆ ತಾಯಿ ಇಬ್ಬರ ಸಹಿ ಬೇಕು. ಈ ತಿಂಗಳು ಮೂವತ್ತೊಂದಕ್ಕೆ ಕೊನೆ. ನನ್ನ ಸಹಿ ಆಗಿದೆ. ಆದರೆ ಈ ಹಾಳೆಗಳನ್ನೆಲ್ಲ ಓದಿ ಮುಗಿಸುವ ತನಕ ನೀನು ಪೆನ್ನು ಮುಟ್ಟಬಾರದು. ಇದು ವಿನಂತಿ. ಆಜ್ಞೆ ಮಾಡುವ ಧೈರ್ಯ ನನಗೆ ಹೋಗಿ ಎರಡು ವರ್ಷವಾಯಿತು.

ಫಾರಂನ ಎಂಟನೇ ಕಾಲಂ ನೋಡು. ‘ಕುಟುಂಬದಲ್ಲಿ ಯಾರಾದರೂ ನಲವತ್ತು ವರ್ಷದೊಳಗೆ ಹಠಾತ್ತನೆ ಮೃತಪಟ್ಟಿದ್ದಾರೆಯೇ?’ ಎಂದು ಕೇಳಿದ್ದಾರೆ. ಅದರ ಮುಂದೆ ನಾನು ‘ಹೌದು’ ಎಂದು ಬರೆದಿದ್ದೇನೆ.

ಇದೇ ಪ್ರಶ್ನೆಯನ್ನು ಎರಡು ವರ್ಷದ ಹಿಂದೆ ನೀನು ಕೇಳಿದ್ದೆ. ಅಫಜಲಪುರದ ತಾಲೂಕು ಕ್ರೀಡಾಕೂಟದಲ್ಲಿ ಶೈಲಾ ಸಾವಿರದೈನೂರು ಮೀಟರ್ ಮೊದಲು ಮುಟ್ಟಿ, ಗೆರೆ ದಾಟಿ ನಾಲ್ಕು ಹೆಜ್ಜೆ ಹೋಗಿ ಕಣ್ಣುಕತ್ತಲೆ ಬಂದು ಬಿದ್ದಳಲ್ಲ, ಆ ಸಂಜೆ. ನಾನು ಬಿಸಿಲು ಎಂದೆ, ಬೆಳಿಗ್ಗೆ ಉಂಡಿರಲಿಲ್ಲ ಎಂದೆ. ನೀನು, “ನಿಮ್ಮ ಮನ್ಯಾಗ ಹಿಂಗ ಏಕಾಏಕಿ ಹೋದವ್ರು ಯಾರರ ಅದಾರೇನ್ರಿ?” ಎಂದು ಕೇಳಿದೆ. ಇಲ್ಲ ಎಂದೆ. ಮೆಲ್ಲಗೆ ಎಂದಿದ್ದರೆ ನೀನು ಇನ್ನೊಮ್ಮೆ ಕೇಳುತ್ತಿದ್ದೆ. ನಾನು ಪಿ.ಟಿ. ಮಾಸ್ತರನ ಕವಾಯತಿನ ಧ್ವನಿಯಲ್ಲಿ ಎಂದೆ, ಓಣಿ ಪೂರ್ತಿ ಕೇಳಿತು. ಓಟ ಬಿಡಿಸಿರಿ ಎಂದ ನಿನ್ನ ಮಾತನ್ನು ನಾನು ಕೇಳದಿದ್ದಾಗ, ಆ ತಿಂಗಳೇ ನೀನು ವರ್ಗ ಮಾಡಿಸಿಕೊಂಡು ಜೇವರ್ಗಿಗೆ ಹೋದೆ. ಮಗಳು ಓಟ ಬಿಡಲೊಲ್ಲೆ ಎಂದು ನನ್ನ ಹತ್ತಿರ ಉಳಿದಳು. ನಾನು ಗೆದ್ದೆ ಎಂದುಕೊಂಡೆ. ಎಂಥ ಗೆಲುವೆಂದರೆ ಅಂದಿನಿಂದ ರೊಟ್ಟಿಯನ್ನು ನಾನೇ ಬಡಿಯುತ್ತಿದ್ದೇನೆ, ಅವ್ವ ಅವುಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಾಳೆ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀ. ನಮ್ಮ ಫೋನು ನಿನಗೂ ಗೊತ್ತು. ಊಟ ಆತೇನು, ಆತು, ಶೈಲಾಗ ಕೊಡ್ರಿ. ಇದರ ನಡುವೆ ಏನು ತುರುಕಲಿ? ಅಲ್ಲದೆ ಫೋನಿನಲ್ಲಿ ನನಗೆ ಸುಳ್ಳು ಸಲೀಸಾಗಿ ಬರುತ್ತದೆ. ಬರೆಯುವಾಗ ಕೈ ತಡೆಯುತ್ತದೆ. ಮೂರು ವಾರದಲ್ಲಿ ಇದು ಐದನೇ ಪತ್ರ. ಮೊದಲಿನ ನಾಲ್ಕನ್ನು ಹರಿದು ಹಾಕಿದೆ. ಅವುಗಳಲ್ಲಿ ನಾನು ಬಹಳ ಒಳ್ಳೆಯವನಾಗಿ ಕಾಣುತ್ತಿದ್ದೆ.

ಜುಲೈ ತಿಂಗಳಲ್ಲಿ ನಮ್ಮ ಶಾಲೆಗೆ ಆರೋಗ್ಯ ತಪಾಸಣೆಯವರು ಬಂದಿದ್ದರು. ಹಲ್ಲು, ಕಣ್ಣು, ಉಗುರು ನೋಡಿ ಮುಂದೆ ಕಳಿಸುತ್ತಿದ್ದ ಡಾಕ್ಟರಮ್ಮ ಶೈಲಾಳ ಮಣಿಕಟ್ಟು ಹಿಡಿದವರು ಬಿಡಲೇ ಇಲ್ಲ. ಎರಡು ಸಲ ಎಣಿಸಿದರು. ನಿಮಿಷಕ್ಕೆ ನಲವತ್ನಾಲ್ಕು. ನಾನು ಮೀಸೆಯ ಮೇಲೆ ಕೈ ಆಡಿಸಿದೆ. ಉಳಿದ ಹುಡುಗರದು ಎಂಬತ್ತು ತೊಂಬತ್ತು ಬಡಿಯುವಾಗ ನಮ್ಮವಳದು ತಹಶೀಲ್ದಾರರು ವರಾಂಡದಲ್ಲಿ ನಡೆದ ಹಾಗೆ, ನಿಧಾನ, ಗಂಭೀರ. ನಾಲ್ಕು ವರ್ಷ ಸೊನ್ನದ ಬ್ಯಾರೇಜಿನ ರಸ್ತೆಯ ಮೇಲೆ ನಾನು ಸುರಿಸಿದ, ಅಂದರೆ ಅವಳಿಂದ ಸುರಿಸಿದ, ಬೆವರಿಗೆ ಇದೇ ಪದಕ ಎಂದುಕೊಂಡೆ. ಡಾಕ್ಟರಮ್ಮ ಪದಕ ಕೊಡಲಿಲ್ಲ, ಚೀಟಿ ಕೊಟ್ಟರು. ಕಲಬುರಗಿಗೆ ಹೋಗಿ ಎದೆ ತೋರಿಸಿಕೊಂಡು ಬನ್ನಿ ಎಂದರು.

ಆಗಸ್ಟ್ ಮೊದಲ ವಾರ ಹೋದೆವು. ನಿನಗೆ ಹೇಳದೆ ಹೋದೆವು. ಹೌದು, ಇಲ್ಲಿ ಸ್ವಲ್ಪ ನಿಲ್ಲು, ಬೈದುಕೋ, ನೀರು ಕುಡಿ, ಆಮೇಲೆ ಮುಂದೆ ಓದು.

ಬಟ್ಟೆಯ ಪರದೆಯ ಈಚೆ ನಿಂತ ನನಗೆ ಯಂತ್ರದ ತೆರೆ ಮಾತ್ರ ಕಾಣುತ್ತಿತ್ತು. ಅದರ ಮೇಲೆ ಕಪ್ಪು ಬಿಳುಪಿನಲ್ಲಿ ನಮ್ಮ ಮಗಳ ಹೃದಯ. ನೀನು ಇಂಥವು ನೋಡಿರುತ್ತೀ, ನಾನು ಮೊದಲ ಸಲ ನೋಡಿದೆ. ಅದು ತನ್ನ ಪಾಡಿಗೆ ತಾನು ಬಾಗಿಲು ತೆರೆದು ಮುಚ್ಚುತ್ತಿತ್ತು, ಯಾರ ಸೀಟಿಗೂ ಕಾಯದೆ. ಹದಿನಾಲ್ಕು ವರ್ಷದಿಂದ ನನ್ನನ್ನು ಒಂದು ಮಾತು ಕೇಳದೆ ಕೆಲಸ ಮಾಡಿದೆ ಅನ್ನಿಸಿತು.

ಹೃದಯದ ಡಾಕ್ಟರು ಕಲಬುರಗಿಯವರೇ, ನಮ್ಮ ಮಾತಿನವರು. ಕೂರಿಸಿ ತಿಳಿಸಿ ಹೇಳಿದರು. “ಮಾಸ್ತರ್ರೇ, ದಿನಾ ಓಡೋರ ತೊಡಿ ಹೆಂಗ ಗಟ್ಟಿ ಆಗತಾವ, ಎದಿನೂ ಹಂಗ ಬೆಳೀತದ. ನಾಡಿ ನಿಧಾನ ಆಗತದ. ಅದು ರೋಗ ಅಲ್ಲ. ಆದ್ರ ನಿಮ್ಮ ಮಗಳ ಎದಿ ಗೋಡಿ ಹನ್ನೆರಡು ಮಿಲಿಮೀಟರ್ ಅದ. ಈ ವಯಸ್ಸಿನ ಹುಡುಗಿಗೆ ಇದು ಜರಾ ಹೆಚ್ಚು. ಓಟದಿಂದ ದಪ್ಪ ಆಗಿದ್ರ ಚಿಂತಿಲ್ಲ. ಮನೆತನದಾಗ ಇಳದು ಬರೋ ದಪ್ಪಾದ್ರ, ಓಡೋ ಮಕ್ಕಳಿಗೆ ಅದು ಒಳ್ಳೇದಲ್ಲ. ಮೈದಾನದಾಗs ನಿಂತುಬಿಡತದ.”

ಯಾವುದು ಅಂತ ಹೆಂಗ ಗೊತ್ತಾಗೂದು ಎಂದು ಕೇಳಿದೆ. ಮೂರು ತಿಂಗಳು ಪೂರ್ತಿ ಓಟ ನಿಲ್ಲಿಸಿ ಎಂದರು. ಓಟ ಬೆಳೆಸಿದ್ದು ಓಟ ಬಿಟ್ಟರೆ ಇಳಿಯುತ್ತದೆ. ರೋಗ ಬೆಳೆಸಿದ್ದು ಇಳಿಯುವುದಿಲ್ಲ. ಮೂರು ತಿಂಗಳ ಮೇಲೆ ಮತ್ತೆ ಅಳೆಯೋಣ; ಇಳಿದರೆ ಓಡಲಿ, ಇಳಿಯದಿದ್ದರೆ ಈ ಜನ್ಮಕ್ಕೆ ಓಟ ಸಾಕು.

ಆಮೇಲೆ ನನ್ನ ವಿಚಾರಣೆ. ವಾರಕ್ಕೆ ಎಷ್ಟು ದಿನ ಓಡಿಸ್ತೀರಿ ಎಂದರು. ಏಳು ದಿನಾ ರೀ ಎಂದು ಎದೆಯುಬ್ಬಿಸಿ ಹೇಳಿದೆ. “ಎಂಟನೇ ದಿನ ಸಿಗಲಿಲ್ಲಂತ ಬಿಟ್ಟೀರೇನು?” ಎಂದರು. ಮಕ್ಕಳೆಂದರೆ ಸಣ್ಣ ಅಳತೆಯಲ್ಲಿ ಹೊಲಿದ ದೊಡ್ಡವರಲ್ಲ, ಬೆಳೆಯುವ ಎದೆಗೆ ಬಿಡುವು ಬೇಕು ಎಂದರು. ಇಪ್ಪತ್ತು ವರ್ಷದ ದೈಹಿಕ ಶಿಕ್ಷಕನಿಗೆ ಅವನ ಮಗಳ ಮುಂದೆ ಇದನ್ನು ಹೇಳಬಾರದಿತ್ತು. ಆದರೂ ಸಹಿಸಿಕೊಂಡೆ. ಕೊನೆಗೆ ಶೈಲಾಳನ್ನು ಹೊರಗೆ ಕಳಿಸಿ, ನೀನು ಕೇಳಿದ್ದೇ ಪ್ರಶ್ನೆ ಕೇಳಿದರು. ಮನೆಯಲ್ಲಿ ಯಾರಾದರೂ?

ಇಲ್ರಿ ಎಂದೆ.

ಈಗ ಹಾವಿನ ಮಾತಿಗೆ ಬರುತ್ತೇನೆ. ನಮ್ಮಣ್ಣ ಮಾಳಿಂಗ ಹತ್ತೊಂಬತ್ತನೇ ವಯಸ್ಸಿಗೆ ಹಾವು ಕಚ್ಚಿ ಹೋದ ಎಂದು ನಿಮ್ಮ ಮನೆಯವರಿಗೆ ತಿಳಿಸಿದ್ದು ಆಳಂದದಲ್ಲಿ, ಅಡತಿ ಅಂಗಡಿಯ ತೊಗರಿ ಚೀಲದ ಮೇಲೆ ಕೂತು. ನಿಮ್ಮಪ್ಪ ತೊಗರಿ ಮಾರಲು ಬಂದಿದ್ದರು, ನಮ್ಮಪ್ಪ ರೇವಣಪ್ಪನೂ ಅದಕ್ಕೇ ಬಂದಿದ್ದ. ತೂಕದ ಪಾಳಿ ಬರುವ ತನಕ ಸುಮ್ಮನೆ ಯಾಕೆ ಕೂಡಬೇಕೆಂದು ಇಬ್ಬರೂ ನಮ್ಮ ಮದುವೆ ಮಾತಾಡಿದರು. ಹಾವು ಹೊರಟದ್ದು ಆ ಚೀಲಗಳ ಸಂದಿಯಿಂದ. ಮದುವೆಯಾದ ಹೊಸತರಲ್ಲಿ ನೀನು, ನರ್ಸಿಂಗ್ ಕಲಿತು ಬಂದ ಸೊಸೆ, ರೊಟ್ಟಿ ಬಡಿಯುತ್ತ ಎಲ್ಲಿ ಕಚ್ಚಿತ್ತು ಎಂದು ಕೇಳಿದೆ. ಅವ್ವ ಎಡಗಾಲು ಎಂದಳು. ಅದೇ ಗಳಿಗೆಗೆ ಕಟ್ಟೆಯ ಮೇಲಿನಿಂದ ಅಪ್ಪ ಬಲಗೈ ಎಂದ. ಇಬ್ಬರ ಮಾನವೂ ಉಳಿಯಲೆಂದು ನಾನು ಬೆನ್ನು ಎಂದೆ. ನೀನು ರೊಟ್ಟಿ ಮಗುಚಿ ಹಾಕಿ, “ನಿಮ್ಮ ಮನಿ ಹಾವಿಗೆ ಪುರಸೊತ್ತು ಭಾಳ ಇತ್ತು ಬಿಡ್ರಿ, ಮೈತುಂಬಾ ಅಡ್ಡಾಡ್ಯದ” ಎಂದೆ. ನಾವು ಮೂವರೂ ನಕ್ಕೆವು. ನೀನು ನಗಲಿಲ್ಲ.

ಹಾವು ಇರಲೇ ಇಲ್ಲ ಅನು.

ಪಂಚಮಿಯ ದಿನ ನಮ್ಮೂರಲ್ಲಿ, ಆಳಂದದಿಂದ ಎರಡು ಹರದಾರಿಯ ಆ ಹಳ್ಳಿಯಲ್ಲಿ, ಚಾವಡಿಯ ಮುಂದೆ ಗುಂಡು ಎತ್ತುವ ಪಂದ್ಯ ನಡೆಯುತ್ತಿತ್ತು. ಒಂದು ದುಂಡನೆಯ ಕರೀಕಲ್ಲು, ಒಂದೂವರೆ ಚೀಲ ಜೋಳದ ಭಾರ. ಅಣ್ಣ ಅದನ್ನು ಮೊಣಕಾಲಿಗೆ, ಎದೆಗೆ, ಹೆಗಲಿಗೆ ಏರಿಸಿ ಹಿಂದಕ್ಕೆ ಒಗೆದ. ಜನ ಕೇಕೆ ಹಾಕಿದರು. ಅವನು ನಕ್ಕು, ನನ್ನ ಕಡೆ ನೋಡಿ ನೀರು ಎಂದು ಹೆಬ್ಬೆರಳು ಮಾಡಿದ. ನನಗೆ ಹದಿಮೂರು ವರ್ಷ. ತಂಬಿಗೆ ತುಂಬಿ ತರುವಷ್ಟರಲ್ಲಿ ಅವನು ಕಲ್ಲಿನ ಪಕ್ಕದಲ್ಲಿ ಮಲಗಿದ್ದ. ದಣಿದು ಮಲಗಿದ್ದಾನೆಂದು ನಾನು ಬಹಳ ಹೊತ್ತು ತಂಬಿಗೆ ಹಿಡಿದೇ ನಿಂತಿದ್ದೆ.

ಊರ ಹಿರಿಯರು ಅಂದೇ ಪಂಚಾಯಿತಿ ಸೇರಿ ತಪ್ಪಿತಸ್ಥನನ್ನು ಹಿಡಿದರು. ಕಲ್ಲು. ಸದರಿ ಕಲ್ಲನ್ನು ಕಬ್ಬಿಣದ ಸರಪಳಿಯಿಂದ ಬೇವಿನ ಮರಕ್ಕೆ ಬಿಗಿದರು. ಮೂವತ್ತೊಂದು ವರ್ಷ ಅದು ಜಾಮೀನಿಲ್ಲದೆ ಅಲ್ಲಿ ಬಿದ್ದಿತ್ತು. ಊರಿಗೆ ಹೋದಾಗಲೆಲ್ಲ ಅವ್ವ ಅದರ ಮುಂದೆ ನಿಂತು ಬೈದು ಬರುತ್ತಿದ್ದಳು. ಕಲ್ಲು ಸಿಕ್ಕಿದ್ದರಿಂದ ನಮ್ಮಲ್ಲಿ ಯಾರೂ ಅಣ್ಣನ ಎದೆಯ ಬಗ್ಗೆ ಯೋಚಿಸಲಿಲ್ಲ. ಕಲ್ಲಿನ ಕೇಡು ತಟ್ಟಿದ ಮನೆಗೆ ಯಾರೂ ಹೆಣ್ಣು ಕೊಡುವುದಿಲ್ಲವೆಂದು ಅಪ್ಪ ಮುಂದೆ ಕಲ್ಲಿನ ಜಾಗಕ್ಕೆ ಹಾವು ತಂದ. ಪಂಚಮಿಯ ದಿನದ ಸಾವಲ್ಲವೇ, ಹಾವು ಹೊಂದಿತು.

ಡಾಕ್ಟರಿಗೆ ಇಲ್ಲ ಎಂದದ್ದು ಮರೆತು ಅಲ್ಲ. ಹೌದು ಎಂದರೆ ಮಗಳ ಓಟ ಅಲ್ಲಿಗೇ ಮುಗಿದೀತು ಎಂದು ಹೆದರಿದೆ. ನೀನು ಸಂಶಯಪಟ್ಟದ್ದು ಖರೆಯಾದೀತು ಎಂದೂ ಹೆದರಿದೆ. ಯಾವುದಕ್ಕೆ ಹೆಚ್ಚು ಎಂದು ಕೇಳಬೇಡ.

ಶೈಲಾಗೆ, ಮೊಣಕಾಲಿನ ಎಲುಬು ಬೆಳೆಯುತ್ತಿದೆ, ಮೂರು ತಿಂಗಳು ಓಡುವಂತಿಲ್ಲ ಎಂದೆ. ಪಂಚಮಿಗೆ ನೀನು ಫೋನ್ ಮಾಡಿದಾಗ ಹಿಂಬಡ ಉಳುಕಿದೆ ಎಂದೆ. ಎಡಗಾಲೋ ಬಲಗಾಲೋ ಎಂದು ಅಪ್ಪ ಮಗಳು ಗೊತ್ತು ಮಾಡಿಕೊಳ್ಳಲಿಲ್ಲ; ನಮ್ಮ ಮನೆತನದ ಪದ್ಧತಿ. ಅವಳ ಬೂಟುಗಳನ್ನು ಜೋಳದ ಡಬ್ಬಿಯಲ್ಲಿ ಹೂತಿಟ್ಟೆ. ಶಾಲೆಗೆ ಹೋಗುವಾಗ ಅವಳ ಹಿಂದೆ ಸೈಕಲ್ ಮೇಲೆ ಕೂತು, ಅವಳು ಹೆಜ್ಜೆ ಬಿರುಸು ಮಾಡಿದರೆ ಸೀಟಿ ಊದಿದೆ. ಓಡಬೇಡ ಎಂದು ಸೀಟಿ ಊದುವ ಪಿ.ಟಿ. ಮಾಸ್ತರನನ್ನು ನೋಡಲು ಸೊನ್ನದ ಜನ ಚಹಾ ಬಿಟ್ಟು ಹೊರಗೆ ಬಂದರು.

ದಿನಾ ಬೆಳಿಗ್ಗೆ ಅವಳು ಏಳುವ ಮೊದಲು ಸ್ಟಾಪ್‌ವಾಚ್ ಹಿಡಿದು ನಾಡಿ ಎಣಿಸುತ್ತಿದ್ದೆ. ಓಟ ಬಿಟ್ಟ ಎದೆಯ ನಾಡಿ ದಿನೇದಿನೇ ಸ್ವಲ್ಪ ಏರಬೇಕು ಎಂದು ಡಾಕ್ಟರು ಹೇಳಿದ್ದರು. ಹಳೆಯ ಹಾಜರಿ ಪುಸ್ತಕವೊಂದರಲ್ಲಿ ಬರೆದಿಟ್ಟೆ. ಮೊದಲ ವಾರ ನಲವತ್ನಾಲ್ಕು. ಎರಡನೇ ವಾರ ನಲವತ್ತೈದು. ಮೂರಕ್ಕೆ ಮತ್ತೆ ನಲವತ್ನಾಲ್ಕು. ಐದನೇ ವಾರವೂ ನಲವತ್ನಾಲ್ಕೇ. ನಿದ್ದೆಯಲ್ಲಿ ಅವಳ ಮುಷ್ಟಿ ಅರ್ಧ ತೆರೆದಿರುತ್ತದೆ, ಸಣ್ಣವಳಿದ್ದಾಗಿನಂತೆಯೇ. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಅಷ್ಟೊಂದು ಜಾಗ. ಆ ಜಾಗದಲ್ಲಿ ನಾನು ತಂಬಿಗೆ ಹಿಡಿದು ನಿಂತಿರುತ್ತಿದ್ದೆ. ತಪ್ಪು ಎಣಿಸಿರಬೇಕೆಂದು ಮತ್ತೆ ಎಣಿಸುತ್ತಿದ್ದೆ. ಮೂವತ್ತೊಂದು ವರ್ಷದ ಹಿಂದೆ ಅಣ್ಣನ ಎದೆಗೆ ಕೈ ಹಚ್ಚಿ ನೋಡಿದವರು ಯಾರೂ ಇರಲಿಲ್ಲ. ಇವಳದನ್ನು ದಿನಾ ಎಣಿಸುತ್ತಿದ್ದೇನೆ, ಅದರಿಂದ ಏನಾದಂತಾಯಿತು ಎಂದುಕೊಳ್ಳುತ್ತಿದ್ದೆ. ಆ ವಾರ ನಾನು ಎರಡು ಸಲ ನಿನ್ನ ನಂಬರ್ ಒತ್ತಿ, ಗಂಟೆ ಬಾರಿಸುವ ಮೊದಲು ಕಟ್ ಮಾಡಿದೆ.

ಎರಡನೇ ಸಲ ಕಟ್ ಮಾಡಿದ ಮರುದಿನ ಸಂಜೆ ಹಜರಾಬಿ ಬಂದಳು. ಅದೇ, ನಮ್ಮ ಹಿಂದಿನ ಓಣಿಯ ಹಾಲಿನ ಹಜರಾಬಿ, ಶೈಲಾಳ ಗೆಳತಿ ತಬಸ್ಸುಮಳ ಅಜ್ಜಿ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಗಳದಲ್ಲಿ ನಿಂತು, “ಮಾಸ್ತರ್ ಸಾಬ್, ಇನ್ಸಾಫ್ ಮಾಡ್ರಿ. ನನ್ನ ಎಮ್ಮಿ ನಾಕು ಸೇರು ಹಾಲು ಕೊಡ್ತಿತ್ತು, ಈಗ ಎರಡಕ್ಕ ಬಂದದ. ಹೊಟ್ಟಿ ಬೆನ್ನಿಗೆ ಹತ್ಯದ. ಯಾಕ ಅಂತ ಕೇಳ್ರಿ” ಎಂದಳು.

ಯಾಕ ಬೇ ಎಂದೆ.

“ಹಿನ್ನೀರಿನ ದಂಡಿಗೆ ಮೇಯಾಕ ಹೋಗಿದ್ದನ್ನ ಹೊಡ್ಕೊಂಡು ಬರೂದು ನಮ್ಮ ತಬಸ್ಸುಮನ ಕೆಲಸ. ತಿಂಗಳಾತು, ನಿಮ್ಮ ಮಗಳೂ ಹೋಗ್ತಾಳ. ಎಮ್ಮಿ ಮುಂದ, ಶೈಲಾ ಹಿಂದ, ನಮ್ಮಾಕಿ ಸೈಕಲ್ ಮ್ಯಾಲ ಟೈಮ್ ನೋಡ್ತಾಳ. ಮೂರು ಕಿಲೋಮೀಟರ್ ಒಂದs ಉಸಿರಿಗೆ ಓಡಿಸ್ಕೊಂಡು ಬರ್ತಾರ. ನನ್ನ ಎಮ್ಮಿ ಏನು ಒಲಿಂಪಿಕ್ ಹೋಗೂದದೇನ್ರಿ?”

ನಾನು ಕಟ್ಟೆಯ ಮೇಲೆ ಕುಸಿದು ಕೂತು ನಗಲು ಹತ್ತಿದೆ. ನಗುತ್ತ ನಗುತ್ತ ಅತ್ತೆ. ದಿನಾ ಸಂಜೆ ನಾನು ಶಾಲೆಯಲ್ಲಿ ಹುಡುಗರಿಗೆ ಕಬಡ್ಡಿ ಆಡಿಸುವ ಹೊತ್ತಿನಲ್ಲಿ ನನ್ನ ಮಗಳು ಮೂರು ಕಿಲೋಮೀಟರ್ ಓಡುತ್ತಿದ್ದಳು. ಹಾಗಿದ್ದರೆ ನಾಡಿ ಏರುವುದು ಎಲ್ಲಿಂದ? ಎದೆ ಇಳಿಯುವುದು ಹೇಗೆ? ಪರೀಕ್ಷೆಯಲ್ಲಿ ಅವಳು ಸೋತಿರಲಿಲ್ಲ, ಪರೀಕ್ಷೆ ಶುರುವೇ ಆಗಿರಲಿಲ್ಲ. ಮಗಳು ಮೋಸ ಮಾಡಿದಳೆಂದು ತಿಳಿದು ಇಷ್ಟು ಸಂತೋಷಪಟ್ಟ ತಂದೆ ಅಫಜಲಪುರ ತಾಲೂಕಿನಲ್ಲಿ ಬೇರೆ ಇರಲಾರ. ಹಜರಾಬಿ ಗಾಬರಿಯಾಗಿ, “ಯಾ ಅಲ್ಲಾ, ನಾ ಏನೂ ಅನ್ಲಿಲ್ಲ ಬೇ ನಿಂಬೆವ್ವಾ, ಮಾಸ್ತರಗ ನೀರು ತಾ” ಎಂದು ಒಳಗೆ ಓಡಿದಳು. ಹಾಲಿನ ನಷ್ಟಕ್ಕೆ ಒಂದು ತಿಂಗಳ ಹಿಂಡಿ ನಾನು ಕೊಡುವುದೆಂದು ತೀರ್ಮಾನವಾಯಿತು. ಚಹಾ ಕುಡಿದು ಹೋಗುವಾಗ ಅವಳು ಬಾಗಿಲಲ್ಲಿ ನಿಂತು, “ಖರೇ ಹೇಳಬೇಕಂದ್ರ ಹುಡುಗಿ ಛಂದ ಓಡ್ತದ ಬಿಡ್ರಿ” ಎಂದಳು.

ಶೈಲಾಳನ್ನು ಕರೆದು ಕೇಳಿದರೆ, “ನೀವು ಗ್ರೌಂಡಿನ್ಯಾಗ ಓಡಬ್ಯಾಡ ಅಂದ್ರಿ. ಎಮ್ಮಿ ಹಿಂದ ಓಡಬ್ಯಾಡ ಅಂದಿಲ್ಲ” ಎಂದಳು. ಈ ವಾದದ ಶೈಲಿ ಅವಳಿಗೆ ಎಲ್ಲಿಂದ ಬಂತೆಂದು ನಾನು ಬರೆಯುವುದಿಲ್ಲ. ಜೇವರ್ಗಿಯಲ್ಲಿ ಓದುವವರಿಗೆ ತಿಳಿಯುತ್ತದೆ. “ಮೊಣಕಾಲು ನೋವು ಅಂತ ನೀವs ಅಂದ್ರಿ ಅಪ್ಪಾ. ನನಗ ನೋವs ಇಲ್ಲ.”

ಆಗ ಎಲ್ಲ ಹೇಳಿದೆ. ಹಾವು, ಕಲ್ಲು, ಹನ್ನೆರಡು ಮಿಲಿಮೀಟರ್. ಹೀಗೆ ಕದ್ದು ಓಡುತ್ತಿದ್ದರೆ ಎದೆ ಇಳಿಯುವುದಿಲ್ಲ, ಇಳಿಯದಿದ್ದರೆ ಡಾಕ್ಟರು ರೋಗ ಎಂದು ಬರೆದು ಜೀವನಪೂರ್ತಿ ಓಟ ಬಂದ್ ಮಾಡುತ್ತಾರೆ ಎಂದೆ. ಅವಳು ತನ್ನ ಮಣಿಕಟ್ಟನ್ನು ತಾನೇ ಹಿಡಿದುಕೊಂಡು ಕೇಳಿದಳು. ಮುಗಿದ ಮೇಲೆ ಒಂದೇ ಪ್ರಶ್ನೆ. “ದೊಡ್ಡಪ್ಪಗ ನೀರು ಸಿಕ್ತೇನು?”

ಇಲ್ಲ ಎಂದೆ.

ಎದ್ದು ಹೋಗಿ ಹಜರಾಬಿಯ ಮೇವಿನ ಬಣವೆಯಲ್ಲಿ ಮುಚ್ಚಿಟ್ಟಿದ್ದ ಹಳೆಯ ಕ್ಯಾನ್ವಾಸ್ ಬೂಟು ತಂದು ನನ್ನ ಮುಂದೆ ಇಟ್ಟಳು. “ಮೊದಲs ಹೇಳಿದ್ರ ಎಮ್ಮಿಗರ ಆರಾಮ ಇರ್ತಿತ್ತು” ಎಂದಳು. ಆಮೇಲೆ, “ಅವ್ವಗ ಹೇಳೀರೇನು?” ಎಂದು ಕೇಳಿದಳು. ರಿಪೋರ್ಟ್ ಬರಲಿ, ನಾನೇ ಹೇಳ್ತೀನಿ, ಅಲ್ಲೀತನಕ ನೀ ಹೇಳಬ್ಯಾಡ ಎಂದು ಮಾತು ತೆಗೆದುಕೊಂಡೆ. ಅವಳು ನನ್ನನ್ನು ನೋಡಿದ ರೀತಿ ನಿನ್ನದೇ. ಎರಡು ವರ್ಷದಿಂದ ನೋಡಿರಲಿಲ್ಲ, ಗುರುತು ಹಿಡಿದೆ.

ಮರುದಿನವೇ ಡಾಕ್ಟರ ಹತ್ತಿರ ಹೋಗಿ ಅಣ್ಣನ ವಿಷಯ ಹೇಳಿದೆ. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಒರೆಸುತ್ತ, ಇದನ್ನು ಮೊದಲು ಹೇಳಬೇಕಾಗಿತ್ತಲ್ಲ ಮಾಸ್ತರ್ರೇ ಎಂದರು. ಬೈದಿದ್ದರೆ ಚೆನ್ನಾಗಿತ್ತು. ಮನೆಯವರೆಲ್ಲ ಒಮ್ಮೆ ಎದೆ ತೋರಿಸಿಕೊಳ್ಳಿ ಎಂದರು. ಆ ಮಾತು ಇರಲಿ. ಮೂರು ತಿಂಗಳನ್ನು ಮೊದಲಿನಿಂದ ಎಣಿಸಲು ಹೇಳಿದರು.

ಈ ಸಲ ಅವಳು ನಿಜವಾಗಿ ನಿಂತಳು. ನಾಡಿ ಐವತ್ತಕ್ಕೆ ಬಂತು, ಐವತ್ತಾರು, ಅರವತ್ತೊಂದು. ಜೊತೆಗೆ ನಾನೂ ಬೆಳಗಿನ ಓಟ ಬಿಟ್ಟೆ. ಶಾಲೆಯಲ್ಲಿ ಅದನ್ನು ತ್ಯಾಗ ಎಂದು ಹೇಳಿಕೊಂಡು ತಿರುಗಿದೆ. ದಸರೆಗೆ ಅವಳು ನಿನ್ನ ಹತ್ತಿರ ಬಂದಾಗ ನೀನು, ‘ಮಗಳು ಮೈ ತುಂಬಿಕೊಂಡಾಳ, ಶಾಣ್ಯಾ ಆಗೀರಿ’ ಎಂದು ಮೆಸೇಜ್ ಹಾಕಿದ್ದೆ. ಎರಡು ವರ್ಷದಲ್ಲಿ ನನಗೆ ಬಂದ ಒಂದೇ ಪ್ರಶಸ್ತಿ. ಅದನ್ನು ಈ ಪತ್ರದ ಮೂಲಕ ಮರಳಿಸುತ್ತಿದ್ದೇನೆ. ನೀನು ಕೈ ಹಿಡಿದು ನಾಡಿ ನೋಡೀಯೆಂದು ಅವಳು ಆ ವಾರ ಮೊಣಕೈತನಕ ಬಳೆ ಹಾಕಿಕೊಂಡಿದ್ದು ನಿನಗೆ ನೆನಪಿರಬಹುದು. ಫ್ಯಾಷನ್ ಅಲ್ಲ ಅದು. ನಾನು ಹೇಳಿ ಹಾಕಿಸಿದ್ದೂ ಅಲ್ಲ. ಕೊಟ್ಟ ಮಾತು ಉಳಿಸಲು ಅವಳೇ ಹೂಡಿದ ಉಪಾಯ. ಅದಕ್ಕೆ ಅವಳನ್ನು ಬೈಯಬೇಡ, ನನ್ನ ಪಾಲಿಗೆ ಸೇರಿಸು.

ನವೆಂಬರಿನಲ್ಲಿ ಆಳಂದದಲ್ಲಿ ಓಟದ ಸ್ಪರ್ಧೆ ಇದ್ದ ದಿನ ಅವಳು ಶಾಲೆಗೆ ಹೋಗಲಿಲ್ಲ. ಜೋಳದ ಡಬ್ಬಿಯಿಂದ ಬೂಟು ತೆಗೆದು, ಒಂದೊಂದು ಕಾಳೂ ಹೆಕ್ಕಿ, ತೊಳೆದು, ಒರೆಸಿ, ಲೇಸು ಕಟ್ಟಿ, ಮತ್ತೆ ಅದೇ ಡಬ್ಬಿಯಲ್ಲಿ ಹೂತಳು. ನಾನು ಬಾಗಿಲಲ್ಲಿ ನಿಂತು ನೋಡಿ, ಕೆಮ್ಮಿ, ಶಾಲೆಗೆ ಹೋದೆ.

ಡಿಸೆಂಬರ್ ಇಪ್ಪತ್ತಮೂರಕ್ಕೆ ಮತ್ತೆ ಅಳೆದರು. ಒಂಬತ್ತು ಮಿಲಿಮೀಟರ್. ಡಾಕ್ಟರು ಎರಡು ಸಲ ಅಳೆದು, ಇದು ಓಟ ಬೆಳೆಸಿದ ಎದೆ, ಇಳಿದಿದೆ ಎಂದರು. ಅಂದು ಬಿದ್ದದ್ದನ್ನೂ ಕೇಳಿದರು. ಓಡುವಾಗ ಬೀಳಲಿಲ್ಲ, ಓಡಿ ನಿಂತ ಮೇಲೆ, ಖಾಲಿ ಹೊಟ್ಟೆಯಲ್ಲಿ, ಬಿಸಿಲಲ್ಲಿ ಬಿದ್ದದ್ದು. ಅದು ಬೇರೆ ಲೆಕ್ಕ ಎಂದರು. ಓಡಲಿ ಎಂದರು. ಆದರೆ ಮನೆತನದಲ್ಲಿ ಒಂದು ಸಾವು ಇರುವುದರಿಂದ ಬೆಳೆಯುವ ತನಕ ವರ್ಷ ವರ್ಷ ತೋರಿಸಲೇಬೇಕು. ಓಡುವಾಗ ಎದೆನೋವು, ಕಣ್ಣುಕತ್ತಲೆ ಬಂದರೆ ಅಲ್ಲಿಗೇ ನಿಲ್ಲಬೇಕು. ವಾರಕ್ಕೆ ಒಂದು ದಿನ ಬಿಡುವು. ಆ ಕೊನೆಯ ಮಾತು ಹೇಳುವಾಗ ನನ್ನ ಕಡೆ ನೋಡಿದರು. ರಿಪೋರ್ಟ್‌ಗಳ ನಕಲು ಲಕೋಟೆಯಲ್ಲಿದೆ. ನನ್ನ ಮಾತು ನಂಬಬೇಡ, ಅವುಗಳನ್ನು ಓದು.

ಎಳ್ಳಮಾವಾಸ್ಯೆಗೆ ಊರ ಹೊಲಕ್ಕೆ, ಭೂತಾಯಿಗೆ ಎಡೆಯ ಚರಗ ಚೆಲ್ಲಲು ಹೋಗಿದ್ದೆವು. ಭಜ್ಜಿ, ಸಜ್ಜೆರೊಟ್ಟಿ ಉಂಡು ಮರಳುವಾಗ ಅವ್ವ ಚಾವಡಿಯ ಹತ್ತಿರ ನಿಂತಳು. ಬೈಗುಳಕ್ಕೆ ನಾವು ಕಿವಿ ಸಿದ್ಧ ಮಾಡಿಕೊಂಡೆವು. ಅವಳು ಬೈಯಲಿಲ್ಲ. ಉಳಿದಿದ್ದ ನೀರನ್ನು ತಂಬಿಗೆಯಿಂದ ಕಲ್ಲಿನ ಮೇಲೆ ಹೊಯ್ದು, ಕಟ್ಟೆಯ ಮೇಲಿದ್ದ ಹಿರಿಯರಿಗೆ, “ಇದರದೇನೂ ತಪ್ಪಿಲ್ಲ. ನನ್ನ ಮಗನ ಎದೀನs ಹಂಗಿತ್ತಂತ. ಬಿಟ್ಟುಬಿಡ್ರಿ ಇದನ್ನ” ಎಂದಳು. ಸರಪಳಿ ತುಕ್ಕು ಹಿಡಿದು ಮರದೊಳಗೆ ಬೆಳೆದುಬಿಟ್ಟಿತ್ತು. ಕಡಿಯಲು ಒಂದು ತಾಸು ಹಿಡಿಯಿತು. ನಾಲ್ಕು ಮಂದಿ ಸೇರಿ ಕಲ್ಲನ್ನು ಬಿಸಿಲಿಗೆ ಉರುಳಿಸಿದರು. ಸೊಂಟ ಹಿಡಿದಿದೆ ಎಂದು ನಾನು ದೂರ ನಿಂತೆ. ಶೈಲಾ ಅದರ ಮೇಲೆ ಅಂಗೈ ಇಟ್ಟು, “ತಣ್ಣಗದ” ಎಂದಳು.

ಇಷ್ಟು ವಿವರ. ಈಗ ಫಾರಂ ನಿನ್ನ ಮುಂದೆ ಇದೆ. ನೀನು ತಾಯಿ, ಮೇಲಾಗಿ ನರ್ಸ್. ಎರಡೂ ಕಣ್ಣಿನಿಂದ ನೋಡು. ಬೇಡ ಎನ್ನಿಸಿದರೆ ಸಹಿ ಹಾಕಬೇಡ. ಶೈಲಾಗೆ ನಾನು ಹೇಳುತ್ತೇನೆ, ಈ ಸಲ ಮೊಣಕಾಲಿನ ಕತೆ ಕಟ್ಟದೆ. ಬೇಕು ಎನ್ನಿಸಿದರೆ ಎಂಟನೇ ಕಾಲಂನ ‘ಹೌದು’ ಕೆಳಗೆ ನಿನ್ನ ಕೈಯಿಂದಲೇ ಅಣ್ಣನ ಹೆಸರು, ವಯಸ್ಸು ಬರೆದು ಸಹಿ ಮಾಡು. ಎಲ್ಲಿ ಕಚ್ಚಿತ್ತು ಎಂದು ಕೇಳಿದ ದಿನವೇ ನಿನಗೆ ಅರ್ಧ ಗೊತ್ತಾಗಿತ್ತು. ಪೂರ್ತಿ ಹೇಳಲು ನನಗೆ ಹದಿನಾರು ವರ್ಷ ಹಿಡಿಯಿತು. ನಮ್ಮ ಮನೆಯಲ್ಲಿ ಓಡುವವಳು ಒಬ್ಬಳೇ ಎಂದು ಇದರಿಂದಲೂ ತಿಳಿಯಬಹುದು.

ಸಹಿಯ ಜಾಗ ಖಾಲಿ ಬಿಟ್ಟು ಕಾದಿರುವ,
ಸಿದ್ದರಾಮೇಶ

ತಾ.ಕ.: ಲಕೋಟೆ ಅಂಟಿಸುವ ಮೊದಲು ಶೈಲಾ ಪತ್ರ ಓದಬೇಕೆಂದಳು, ಕೊಟ್ಟೆ. ಪೂರ್ತಿ ಓದಿ, “ಎಲ್ಲಾರದೂ ಬರದೀರಿ. ನಿಮ್ಮದು ಎಲ್ಲಿ?” ಎಂದಳು. ಅವಳು ನಿಂತು ನೋಡುತ್ತಿದ್ದಾಳೆ, ಆದ್ದರಿಂದ ಬರೆಯುತ್ತಿದ್ದೇನೆ. ಸೆಪ್ಟೆಂಬರಿನಲ್ಲಿ ಡಾಕ್ಟರು ನನ್ನ ಎದೆಯನ್ನೂ ಅಳೆದರು. ಹದಿನೆಂಟು ಮಿಲಿಮೀಟರ್. ಅಣ್ಣನದೇ ಎದೆ. ದಿನಕ್ಕೊಂದು ಗುಳಿಗೆ ಕೊಟ್ಟಿದ್ದಾರೆ. ಓಡುವುದು, ಭಾರ ಎತ್ತುವುದು ಬಂದ್. ಜೋಪಾನವಾಗಿದ್ದರೆ ಮುದುಕನಾಗುವ ತನಕ ಇರಬಹುದು ಎಂದಿದ್ದಾರೆ. ಹಾಗಾಗಿ ತ್ಯಾಗವೂ ಸುಳ್ಳು, ಸೊಂಟವೂ ಸುಳ್ಳು. ಇದನ್ನು ಓದಿ ಫಾರಂಗೆ ಸಹಿ ಮಾಡಬೇಡ, ಮಾಡದೆಯೂ ಇರಬೇಡ. ಅದು ಅವಳದು, ಇದು ನನ್ನದು. ಈಗ ಬೆಳಿಗ್ಗೆ ನನ್ನ ನಾಡಿಯನ್ನು ಅವಳು ಎಣಿಸುತ್ತಾಳೆ. ಜೂನಿಗೆ ಅವಳು ಹಾಸ್ಟೆಲಿಗೆ ಹೋದರೆ ಆ ಕೆಲಸ ಖಾಲಿ ಬೀಳುತ್ತದೆ. ಅವ್ವ ಮುಂದೆ ಬಂದಿದ್ದಾಳೆ, ಆದರೆ ಅವಳ ಎಣಿಕೆ ಇಪ್ಪತ್ತರ ಮೇಲೆ ಹೋಗುವುದಿಲ್ಲ. ಇಂದು ಶೈಲಾ ಎಣಿಸಿ ಹಾಜರಿ ಪುಸ್ತಕದಲ್ಲಿ ಅರವತ್ತೆರಡು ಎಂದು ಬರೆದಳು, ಪಕ್ಕದ ಸಹಿಯ ಮನೆ ಖಾಲಿ ಬಿಟ್ಟಳು. ಯಾಕ ಬೇ ಎಂದರೆ, “ಅದು ನರ್ಸ್ ಹಾಕೂದು” ಎಂದಳು.